ಪ್ರೆಸ್ಬಿಟೇರಿಯನ್ ಮಹಾಸಭೆಗೆ ಆಯ್ಕೆಯಾದವರು ಟಿಪ್ಪಣಿ ಇಟ್ಟುಕೊಳ್ಳುವ ಬಗೆ

ಅಮೆರಿಕದ ಪಿಸಿಯುಎಸ್ಎ, ಅಂದರೆ ಪ್ರೆಸ್ಬಿಟೇರಿಯನ್ ಚರ್ಚಿನ ಮಹಾಸಭೆ ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಪ್ರತಿ ಪ್ರೆಸ್ಬಿಟರಿಯೂ, ಅಂದರೆ ಒಂದು ಪ್ರದೇಶದ ಸಭೆಗಳನ್ನು ನೋಡಿಕೊಳ್ಳುವ ಮಂಡಳಿಯೂ, ಸಭಾಹಿರಿಯರನ್ನೂ ಪಾಸ್ಟರುಗಳನ್ನೂ ಸಮಸಂಖ್ಯೆಯಲ್ಲಿ ಆರಿಸಿ ಕಳಿಸುತ್ತದೆ. 8,000 ಸದಸ್ಯರವರೆಗಿನ ಪ್ರೆಸ್ಬಿಟರಿಯಿಂದ ಒಬ್ಬ ಹಿರಿಯರು, ಒಬ್ಬ ಪಾಸ್ಟರು. ಸಿಎಸ್ಐ, ಅಂದರೆ ದಕ್ಷಿಣ ಭಾರತ ಸಭೆಯ ಚರ್ಚುಗಳಲ್ಲಿ ಬೆಳೆದು ಅಲ್ಲಿಗೆ ಹೋಗಿ ನೆಲೆಸಿದ ಕನ್ನಡಿಗರಿಗೆ ಬಿಷಪ್ಪರಿಲ್ಲದ ಈ ಏರ್ಪಾಡು ಹೊಸದು. ಇಲ್ಲಿ ತೀರ್ಮಾನವೆಲ್ಲ ಹೀಗೆ ಕೂಡಿದವರ ಮತದಿಂದಲೇ ಆಗುತ್ತದೆ.

ಮೊದಲು ಹೆಸರಿನ ವಿಷಯ. ಆರಿಸಿ ಬಂದವರನ್ನು ಕಮಿಷನರ್ ಎನ್ನುತ್ತಾರೆ. ಡೆಲಿಗೇಟ್ ಎಂಬ ಮಾತು ಯುವಜನರು, ದೇವಶಾಸ್ತ್ರ ವಿದ್ಯಾರ್ಥಿಗಳು ಮುಂತಾದ ಸಲಹಾ ಪ್ರತಿನಿಧಿಗಳಿಗೆ. ಪೂರ್ಣ ಅಧಿವೇಶನದಲ್ಲಿ ಅವರ ಮತ ಸಲಹೆ ಮಾತ್ರ, ಆದರೆ ಕಮಿಷನರುಗಳಿಗಿಂತ ಮೊದಲು ಬೀಳುತ್ತದೆ. ಆ ಅಂಕಿಗಳನ್ನು ನೋಡಿ, ಗುರುತು ಹಾಕಿಕೊಂಡು, ಆಮೇಲೆ ಮತ ಹಾಕಿ.

ಚರ್ಚಿನ ಸಂವಿಧಾನ ಹೇಳುವುದು ಇಷ್ಟು: ಹಿರಿಯರೂ ಪಾಸ್ಟರುಗಳೂ ಜನರ ಇಚ್ಛೆಯನ್ನು ಹಾಗೆಯೇ ಹೊತ್ತು ತರುವವರಲ್ಲ, ಒಟ್ಟಾಗಿ ಕ್ರಿಸ್ತನ ಚಿತ್ತವನ್ನು ಹುಡುಕುವವರು. ಆದ್ದರಿಂದ ಊರಿನಿಂದಲೇ ‘ಹೌದು’, ‘ಇಲ್ಲ’ ಬರೆದುಕೊಂಡು ಹೋಗಬೇಡಿ. ಅಲ್ಲಿ ಕೇಳಿದ ವಾದಕ್ಕೆ ಮನಸ್ಸು ತೆರೆದಿರಲಿ. ಹಾಗೆ ಮನಸ್ಸು ಬದಲಾದರೆ, ಏಕೆ ಬದಲಾಯಿತೆಂದು ಹಿಂದಿರುಗಿ ಹೇಳುವ ಹೊಣೆಯೂ ನಿಮ್ಮದೇ. ಟಿಪ್ಪಣಿ ಬೇಕಾಗುವುದು ಅದಕ್ಕೇ.

ಕೈಗೊಂದು ನೋಟ್‌ಬುಕ್ ಇರಲಿ. ಒಂದು ವಿಷಯಕ್ಕೆ ಒಂದು ಪುಟ. ಮೇಲೆ ವಿಷಯದ ಸಂಖ್ಯೆ. ಎಡಕ್ಕೆ ಪರ, ಬಲಕ್ಕೆ ವಿರುದ್ಧ, ಎರಡೂ ಕಡೆಯ ಅತಿ ಗಟ್ಟಿ ವಾದ ಒಂದೊಂದೇ ಸಾಲಿನಲ್ಲಿ. ಕೆಳಗೆ ಫಲಿತಾಂಶ, ನಿಮ್ಮ ಮತ, ಕಾರಣ. ಕಾರಣವನ್ನು ಅಂದೇ ರಾತ್ರಿ ಬರೆಯಿರಿ. ಮೂರನೆಯ ದಿನಕ್ಕೆ ಒಂದು ಚರ್ಚೆ ಇನ್ನೊಂದರೊಳಗೆ ಕಲಸಿಹೋಗಿರುತ್ತದೆ. ನಿಮ್ಮ ಮತ ಬರೆದಿಡುವುದಕ್ಕೆ ಇನ್ನೊಂದು ಕಾರಣವೂ ಉಂಟು: ತೀರ್ಮಾನವಾದದ್ದನ್ನು ಮತ್ತೆ ಚರ್ಚೆಗೆ ತರಲು, ಗೆದ್ದ ಕಡೆ ಮತ ಹಾಕಿದವರಿಗೆ ಮಾತ್ರ ಹಕ್ಕು.

ಹೊಸಬರು ಹೆಚ್ಚಾಗಿ ಎಡವುವುದು ಬದಲಿ ಪ್ರಸ್ತಾವದಲ್ಲಿ. ಸಮಿತಿಯ ಪ್ರಸ್ತಾವದ ಜಾಗಕ್ಕೆ ಯಾರೋ ಇನ್ನೊಂದನ್ನು ಮಂಡಿಸುತ್ತಾರೆ. ಆಗ ಮೊದಲು ಮೂಲ ಪ್ರಸ್ತಾವಕ್ಕೆ ತಿದ್ದುಪಡಿ, ನಂತರ ಬದಲಿಗೆ ತಿದ್ದುಪಡಿ. ಆಮೇಲೆ, ಮೂಲದ ಜಾಗಕ್ಕೆ ಬದಲಿ ಬರಬೇಕೇ ಎಂದು ಒಂದು ಮತ. ಬಂದರೂ ಅದಿನ್ನೂ ಅಂಗೀಕಾರವಾಗಿಲ್ಲ. ಕೊನೆಯ ಮತ ಬಾಕಿ ಇದೆ. ಮೊದಲ ಮತಕ್ಕೇ ಎಲ್ಲ ಮುಗಿಯಿತೆಂದು ಎದ್ದುಹೋದವರು ನಿಜವಾದ ತೀರ್ಮಾನಕ್ಕೆ ಇರುವುದೇ ಇಲ್ಲ. ಪುಟದಲ್ಲಿ ಎರಡು ಚೌಕ ಬರೆದು, ಎರಡೂ ತುಂಬುವವರೆಗೆ ಕುರ್ಚಿ ಬಿಡಬೇಡಿ. ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಿ ಎಂಬ ಸೂಚನೆಗೆ ಮೂರನೇ ಎರಡರಷ್ಟು ಮತ ಬೇಕೆಂಬುದೂ ನೆನಪಿರಲಿ.

ಒಟ್ಟಿಗೆ ಒಂದೇ ಮತದಲ್ಲಿ ಅಂಗೀಕಾರವಾಗುವ ವಿಷಯಗಳ ಪಟ್ಟಿಯನ್ನು ಹಿಂದಿನ ರಾತ್ರಿಯೇ ಓದಿ. ಯಾವುದನ್ನಾದರೂ ಬೇರ್ಪಡಿಸಬೇಕಿದ್ದರೆ ಮತಕ್ಕೆ ಹಾಕುವ ಮೊದಲೇ ಕೇಳಬೇಕು. ಮೈಕಿನ ಮುಂದೆ ಹೆಸರು, ಪ್ರೆಸ್ಬಿಟರಿ, ಪರವೋ ವಿರುದ್ಧವೋ ಎಂದು ಹೇಳಿ, ಒಂದೇ ಕಾರಣ ಕೊಟ್ಟು ಮುಗಿಸಿ. ಮೂರು ಕಾರಣ ಹೇಳಹೊರಟವರ ಸಮಯ ಎರಡನೆಯದಕ್ಕೇ ತೀರುತ್ತದೆ.

ಮನೆಗೆ ಬಂದ ವಾರದೊಳಗೆ ವರದಿ ಬರೆಯಿರಿ. ಅದನ್ನು ಕೇಳಿಸಿಕೊಳ್ಳುವುದು ಪ್ರೆಸ್ಬಿಟರಿಯ ಕರ್ತವ್ಯಗಳಲ್ಲೊಂದು. ದಿನವಾರು ಕಥೆ ಬೇಡ. ಬುಕ್ ಆಫ್ ಆರ್ಡರ್ ಎಂಬ ಚರ್ಚಿನ ನಿಯಮಗ್ರಂಥದ ತಿದ್ದುಪಡಿಗಳನ್ನು ಮೊದಲಿಡಿ, ಏಕೆಂದರೆ ಮಹಾಸಭೆ ಒಪ್ಪಿದರೂ ಅರ್ಧಕ್ಕಿಂತ ಹೆಚ್ಚು ಪ್ರೆಸ್ಬಿಟರಿಗಳು ಒಪ್ಪದೆ ಅವು ಜಾರಿಯಾಗುವುದಿಲ್ಲ; ನಿಮ್ಮವರೂ ಮತ ಹಾಕಬೇಕು. ನೀವು ವಿರುದ್ಧ ಮತ ಹಾಕಿದ್ದರೆ ಹಾಗೆಂದೇ ಹೇಳಿ. ಆದರೆ ಗೆದ್ದ ವಾದವನ್ನು, ಅದನ್ನು ಮಂಡಿಸಿದವರೇ ಕೂತು ಕೇಳಿದರೂ ‘ನಾವು ಹೇಳಿದ್ದು ಇದನ್ನೇ’ ಎನ್ನುವ ಹಾಗೆ ವಿವರಿಸಿ.