ಮೂಲವ್ಯಾಧಿ ಅಂದುಕೊಂಡು ಏಳು ತಿಂಗಳು ಸುಮ್ಮನಿದ್ದೆ

ನನಗೆ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾದಾಗ 33 ವರ್ಷ. ಅದಕ್ಕೂ ಏಳು ತಿಂಗಳ ಮೊದಲೇ ಮಲದಲ್ಲಿ ರಕ್ತ ಕಾಣಿಸಿತ್ತು. ಉಷ್ಣ ಜಾಸ್ತಿಯಾಗಿದೆ, ಇಲ್ಲ ಮೂಲವ್ಯಾಧಿ ಇರಬೇಕು ಅಂದುಕೊಂಡೆ. ಎಳನೀರು ಕುಡಿದೆ, ಖಾರ ಬಿಟ್ಟೆ, ಮೆಡಿಕಲ್ ಶಾಪಿನಿಂದ ಮುಲಾಮು ತಂದೆ. ಹೆಂಡತಿಗೆ ಹೇಳಲಿಲ್ಲ. ಕಕ್ಕಸಿನ ವಿಷಯ ಅಲ್ವಾ, ಬಾಯಿ ಬರಲಿಲ್ಲ. ಹತ್ತಿರದ ಕ್ಲಿನಿಕ್‌ನಲ್ಲೂ ಪರೀಕ್ಷೆ ಮಾಡದೆ, "ಈ ವಯಸ್ಸಿಗೆ ಇನ್ನೇನು, ಪೈಲ್ಸೇ" ಅಂದರು. ನನಗೂ ಆ ಮಾತೇ ಬೇಕಾಗಿತ್ತು.

ಆಮೇಲೆ ಕಕ್ಕಸಿಗೆ ಹೋಗಿ ಬಂದರೂ ಇನ್ನೂ ಹೋಗಬೇಕು ಅನ್ನಿಸತೊಡಗಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 8 ಬಂತು. ಕೊನೆಗೆ ಗುದದ್ವಾರದಿಂದ ಕ್ಯಾಮೆರಾ ಬಿಟ್ಟು ಕರುಳನ್ನು ನೋಡುವ ಕೊಲೊನೋಸ್ಕೋಪಿಯಲ್ಲಿ ಗೆಡ್ಡೆ ಸಿಕ್ಕಿತು.

ರೇಡಿಯೇಷನ್ ಶುರುವಾಗುವ ಮೊದಲು ಡಾಕ್ಟರ್ ಒಂದು ಮಾತು ಕೇಳಿದರು: "ಮಕ್ಕಳಿದ್ದಾರಾ?" ನಮಗೆ ಮದುವೆಯಾಗಿ ಆಗ ಒಂದು ವರ್ಷ. ಕಿಬ್ಬೊಟ್ಟೆಗೆ ರೇಡಿಯೇಷನ್ ಕೊಟ್ಟರೆ ಮಕ್ಕಳಾಗುವುದು ಕಷ್ಟವಾಗಬಹುದು, ಮೊದಲೇ ವೀರ್ಯ ತೆಗೆದಿಡಿ ಅಂದರು. ನಾನು ತಲೆ ತಗ್ಗಿಸಿ ಕೂತಿದ್ದೆ. ಎಲ್ಲಿಗೆ ಹೋಗಬೇಕು, ಎಷ್ಟು ದಿನ ಬೇಕು ಅಂತ ಹೆಂಡತಿಯೇ ಕೇಳಿದಳು. ಆ ಪ್ರಶ್ನೆ ಬರದೇ ಹೋಗಿದ್ದರೆ ನಮಗೆ ಹೊಳೆಯುತ್ತಲೂ ಇರಲಿಲ್ಲ. ನಿಮ್ಮ ಡಾಕ್ಟರ್ ಕೇಳದಿದ್ದರೆ ನೀವೇ ಕೇಳಿ.

ಐದು ವಾರ, 25 ಸಲ ರೇಡಿಯೇಷನ್, ಜೊತೆಗೆ ಮಾತ್ರೆ. ಆಮೇಲೆ ಆಪರೇಷನ್. ಒಳಗಿನ ಹೊಲಿಗೆ ಕೂಡಿಕೊಳ್ಳಲಿ ಅಂತ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬೀಳಲು ಬ್ಯಾಗ್ ಹಾಕಿದ್ದರು. ಮೊದಲ ಮೂರು ದಿನ ನಾನು ಅದನ್ನು ನೋಡಲೇ ಇಲ್ಲ. ನಾಲ್ಕನೇ ದಿನ ಸಿಸ್ಟರ್, "ಮುಟ್ಟಿ ನೋಡಿ ಸರ್, ನೋವಾಗಲ್ಲ" ಅಂದರು. ಕರುಳಿನ ಬಾಯಿ ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿತ್ತು. ನಿಜಕ್ಕೂ ನೋವಾಗಲಿಲ್ಲ.

ಮನೆಗೆ ಬಂದ ಮೊದಲ ವಾರ, ರಾತ್ರಿ ಎರಡು ಗಂಟೆಗೆ ಬ್ಯಾಗ್ ಸೋರಿತು. ಹಾಸಿಗೆಯೆಲ್ಲ ಒದ್ದೆ. ನಾನು ಬಚ್ಚಲಲ್ಲಿ ಕೂತು ಅತ್ತೆ. ಹೆಂಡತಿ ಹೊದಿಕೆ ಬದಲಿಸಿ ಬಂದು, "ನಾಳೆ ನನಗೂ ಹೇಳಿಕೊಡಿ, ರೀ" ಅಂದಳು. ಅಲ್ಲಿಯವರೆಗೆ ಬಾಗಿಲು ಹಾಕಿಕೊಂಡು ಒಬ್ಬನೇ ಬದಲಿಸುತ್ತಿದ್ದೆ.

ಇಬ್ಬರೂ ಸೇರಿ ಕಲಿತದ್ದು ಹೀಗೆ. ಬೆಳಗ್ಗೆ ಏನೂ ತಿನ್ನುವ ಮೊದಲು ಬ್ಯಾಗ್ ಬದಲಿಸಬೇಕು, ಆಗ ಕರುಳು ಸುಮ್ಮನಿರುತ್ತದೆ. ಚರ್ಮವನ್ನು ಬರೀ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಬೇಕು. ಎಣ್ಣೆ, ಕ್ರೀಮು ಹಚ್ಚಿದರೆ ಅಂಟು ನಿಲ್ಲುವುದಿಲ್ಲ. ಬ್ಯಾಗಿನ ಅಂಟುಪಟ್ಟಿಯ ತೂತನ್ನು ಕರುಳಿನ ಬಾಯಿಗಿಂತ ಒಂದೆರಡು ಮಿಲಿಮೀಟರ್ ಮಾತ್ರ ದೊಡ್ಡದಾಗಿ ಕತ್ತರಿಸಬೇಕು. ನಮಗೆ ಸೋರಿದ್ದು ಇಲ್ಲಿಯೇ: ಮೊದಲ ವಾರಗಳಲ್ಲಿ ಊತ ಇಳಿದು ಬಾಯಿ ಚಿಕ್ಕದಾಗುತ್ತದೆ, ನಾನು ಹಳೇ ಅಳತೆಗೇ ಕತ್ತರಿಸುತ್ತಿದ್ದೆ. ಅಂಟಿಸುವ ಮೊದಲು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡರೆ ಚೆನ್ನಾಗಿ ಕೂರುತ್ತದೆ. ಮೂರನೇ ಒಂದು ಭಾಗ ತುಂಬಿದ ಕೂಡಲೇ ಖಾಲಿ ಮಾಡಬೇಕು. ನೀರು, ಉಪ್ಪು ತುಂಬಾ ಹೋಗುತ್ತದೆ. ಹಾಗಾಗಿ ಓಆರ್‌ಎಸ್, ಉಪ್ಪು ಹಾಕಿದ ಗಂಜಿ ಬಿಡಲಿಲ್ಲ.

ಕೀಮೋ ದಿನಗಳಲ್ಲಿ ತಣ್ಣನೆಯ ಸ್ಟೀಲ್ ಲೋಟ ಮುಟ್ಟಿದರೆ ಕರೆಂಟ್ ಹೊಡೆದ ಹಾಗಾಗುತ್ತಿತ್ತು. ಆಕ್ಸಾಲಿಪ್ಲಾಟಿನ್ ಔಷಧಿ ನರಗಳಿಗೆ ಮಾಡುವ ತೊಂದರೆ ಅದು. ಅಮ್ಮ ಲೋಟಕ್ಕೆ ಬಟ್ಟೆ ಸುತ್ತಿ ಕೊಡುತ್ತಿದ್ದರು. ಪಾದದ ಜೋಮು ಇನ್ನೂ ಪೂರ್ತಿ ಹೋಗಿಲ್ಲ.

ಬ್ಯಾಗ್ ತೆಗೆದರೆ ಎಲ್ಲ ಮೊದಲಿನಂತೆ ಆಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ. ದಿನಕ್ಕೆ ಹನ್ನೆರಡು ಸಲ ಕಕ್ಕಸಿಗೆ ಓಡುತ್ತಿದ್ದೆ, ತಡೆಯಲು ಆಗುತ್ತಿರಲಿಲ್ಲ. ಗುದನಾಳ ತೆಗೆದವರಲ್ಲಿ ಇದು ಸಾಮಾನ್ಯ ಅಂತ ಆಮೇಲೆ ತಿಳಿಯಿತು. ಆಫೀಸಿನಲ್ಲಿ ಮ್ಯಾನೇಜರ್‌ಗೆ ನೇರವಾಗಿ ಹೇಳಿ ಬಾಗಿಲ ಹತ್ತಿರದ ಸೀಟು ಕೇಳಿದೆ. ಕೊಟ್ಟರು. ಅದನ್ನು ಕೇಳಲು ನನಗೆ ಮೂರು ವಾರ ಬೇಕಾಯಿತು. ಹೆಂಡತಿಯ ಹತ್ತಿರ ಮಲಗಲೂ ಹೆದರಿಕೆ ಇತ್ತು. ಆಪರೇಷನ್ ನಂತರ ಗಂಡಸರಿಗೆ ಬರುವ ತೊಂದರೆಯ ಬಗ್ಗೆ ಡಾಕ್ಟರ್ ಹತ್ತಿರ ಬಾಯಿಬಿಟ್ಟದ್ದು ಇನ್ನೂ ತಡವಾಗಿ. ಅದಕ್ಕೂ ಮಾತ್ರೆ ಇತ್ತು.

ಮನೆಯಲ್ಲಿ ಒಬ್ಬರಿಗೆ ಚಿಕ್ಕ ವಯಸ್ಸಿನಲ್ಲಿ ಈ ಕ್ಯಾನ್ಸರ್ ಬಂದರೆ, ಒಡಹುಟ್ಟಿದವರು ಆ ವಯಸ್ಸಿಗಿಂತ 10 ವರ್ಷ ಮೊದಲೇ ಕೊಲೊನೋಸ್ಕೋಪಿ ಮಾಡಿಸಬೇಕಂತೆ. ತಮ್ಮನಿಗೆ 29. ಬೇಡ ಬೇಡ ಅಂತ ಆರು ತಿಂಗಳು ತಳ್ಳಿದ. ಕಳೆದ ತಿಂಗಳು ಹೊಟ್ಟೆ ತೊಳೆಯುವ ಔಷಧಿ ಕುಡಿದು, ರಾತ್ರಿ ಹನ್ನೊಂದಕ್ಕೆ ಕಕ್ಕಸಿನಿಂದಲೇ ಫೋನ್ ಮಾಡಿದ. "ಅಣ್ಣಾ, ಬರೀ ನೀರು ಬರ್ತಿದೆ, ಹಳದಿ ಬಣ್ಣ. ಸರಿನಾ?"

"ಸರಿ ಕಣೋ" ಅಂದೆ. "ಇನ್ನೊಂದು ಲೋಟ ಕುಡಿ. ನಾನು ಫೋನ್ ಇಡಲ್ಲ."