ಹಳೇ ಬೈನರಿಗಳನ್ನು ಹೊಸ ಕರ್ನಲ್ ಮೇಲೆ ಓಡಿಸುವ ಕೆಲಸ

ನಮ್ಮ ತಂಡ ಲಿನಕ್ಸ್ ಮೇಲೆ ಕಟ್ಟಿದ ಒಂದು ಪ್ಲಾಟ್‌ಫಾರ್ಮ್ ನೋಡಿಕೊಳ್ಳುತ್ತದೆ. ಅದರ ಮೇಲೆ ಓಡುವ ಪ್ರೋಗ್ರಾಮ್‌ಗಳಲ್ಲಿ ಎಷ್ಟೋ ನಮ್ಮವಲ್ಲ, ಗ್ರಾಹಕರವು. ಕೆಲವು 32 ಬಿಟ್ ಕಾಲದವು. ಬರೆದವರು ಕೆಲಸ ಬಿಟ್ಟು ಹೋಗಿದ್ದಾರೆ, ಸೋರ್ಸ್ ಕೋಡ್ ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ. ಕಂಪೈಲ್ ಆದ ಫೈಲ್, ಅಂದರೆ ಬೈನರಿ, ಒಂದೇ ಉಳಿದಿದೆ, ಅದು ದಿನಾ ಓಡಲೇಬೇಕು. ಇತ್ತ ಲಿನಕ್ಸ್‌ನ ತಿರುಳಾದ ಕರ್ನಲ್ಲು, ಅದರ ಜೊತೆ ಪ್ರೋಗ್ರಾಮ್‌ಗಳು ಮಾತಾಡಲು ಬಳಸುವ ಸಿ ಲೈಬ್ರರಿ ಹೊಸದಾಗುತ್ತಲೇ ಇರಬೇಕು. ಸೆಕ್ಯುರಿಟಿ ಪ್ಯಾಚ್ ಹಾಕದೆ ಬಿಡೋ ಹಾಗಿಲ್ಲ.

ಕರ್ನಲ್ ಕಡೆಯಿಂದ ಕಾಟ ಕಡಿಮೆ. ಯೂಸರ್‌ಸ್ಪೇಸ್, ಅಂದರೆ ಕರ್ನಲ್‌ನ ಹೊರಗೆ ಓಡುವ ಪ್ರೋಗ್ರಾಮ್‌ಗಳನ್ನು, ಮುರಿಯಬಾರದು ಅನ್ನೋದು ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೋರ್ವಾಲ್ಡ್ಸ್ ಬಿಡದೆ ಹಿಡಿದಿರುವ ನಿಯಮ. ಕರ್ನಲ್ ಒಳಗಿನ ಇಂಟರ್‌ಫೇಸ್‌ಗಳಿಗೆ ಆ ಭರವಸೆ ಇಲ್ಲ, ಡ್ರೈವರ್ ಬರೆಯುವವರು ಅದನ್ನು ಅನುಭವಿಸಿಯೇ ಬಲ್ಲರು. ನಮಗೆ ಬೇಕಾದ್ದು ಸಿಸ್ಟಮ್ ಕಾಲ್, ಅಂದರೆ ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆ. ಅದು ಉಳಿಯುತ್ತದೆ. ಹಾಗಿದ್ದೂ ಪ್ರೋಗ್ರಾಮ್ ಬೀಳುತ್ತದೆ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಡಿಸ್ಕ್ ದೊಡ್ಡದು ಹಾಕಿದ ಮೇಲೆ ಒಬ್ಬ ಗ್ರಾಹಕರ 32 ಬಿಟ್ ಪ್ರೋಗ್ರಾಮ್ ಕೆಲವು ಫೈಲ್‌ಗಳನ್ನು ಓದಲಿಲ್ಲ. ಎಲ್ಲವನ್ನೂ ಅಲ್ಲ, ಕೆಲವನ್ನು ಮಾತ್ರ. ಎಲ್ಎಸ್ ಕೊಟ್ಟರೆ ಫೈಲ್ ಕಾಣುತ್ತದೆ, ಅನುಮತಿಗಳೂ ಸರಿ ಇವೆ. ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್ ಹಾಕಿ ನೋಡಿದರೆ ಇನ್ನೂ ವಿಚಿತ್ರ: ಫೈಲ್‌ನ ವಿವರ ಕೇಳುವ ಸ್ಟ್ಯಾಟ್64 ಕಾಲ್ ಸೊನ್ನೆ ವಾಪಸ್ ಕೊಟ್ಟಿದೆ, ಅಂದರೆ ಗೆದ್ದಿದೆ. ಮರುಗಳಿಗೆಗೆ ಪ್ರೋಗ್ರಾಮ್ ಎರರ್ ಬರೆದು ಮುಂದಿನ ಫೈಲ್‌ಗೆ ಹೋಗುತ್ತದೆ. ಕರ್ನಲ್ ಸರಿಯಾಗಿಯೇ ಉತ್ತರ ಕೊಟ್ಟಿದೆ ಅಂದಮೇಲೆ ಎಡವಟ್ಟು ಇನ್ನೆಲ್ಲಿ? ನಡುವೆ ಇರುವ ಸಿ ಲೈಬ್ರರಿಯಲ್ಲಿ.

ಆ ಉತ್ತರದಲ್ಲಿದ್ದ ಐನೋಡ್ ಸಂಖ್ಯೆ, ಅಂದರೆ ಫೈಲ್‌ಸಿಸ್ಟಮ್ ಪ್ರತಿ ಫೈಲ್‌ಗೆ ಕೊಡುವ ಗುರುತಿನ ಸಂಖ್ಯೆ, ನೋಡಿದಾಗ ವಿಷಯ ಹೊರಬಿತ್ತು. ಅದು 32 ಬಿಟ್‌ನಲ್ಲಿ ಹಿಡಿಸದಷ್ಟು ದೊಡ್ಡದು. ಆ ಡಿಸ್ಕ್‌ನ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್‌ನಲ್ಲಿ ಐನೋಡ್ ಸಂಖ್ಯೆ ಡಿಸ್ಕ್ ಮೇಲಿನ ಜಾಗವನ್ನೇ ಹೇಳುತ್ತದೆ. ಡಿಸ್ಕ್ ಬೆಳೆದರೆ ಸಂಖ್ಯೆಯೂ ಬೆಳೆಯುತ್ತದೆ. ಕರ್ನಲ್ 3.7ರಿಂದ 64 ಬಿಟ್ ಐನೋಡ್ ತಾನಾಗಿಯೇ ಚಾಲೂ ಇರುತ್ತದೆ. ಉತ್ತರ ತುಂಬಿಸಿಕೊಳ್ಳಲು ಹಳೇ ಪ್ರೋಗ್ರಾಮ್ ಕೊಟ್ಟ ಸ್ಟ್ರಕ್ಟ್‌ನಲ್ಲಿ ಆ ಜಾಗಕ್ಕೆ ನಾಲ್ಕೇ ಬೈಟ್. ಜಿ-ಲಿಬ್‌ಸಿ, ಅಂದರೆ ಆ ಸಿ ಲೈಬ್ರರಿ, 64 ಬಿಟ್ ಉತ್ತರ ತಂದು ಅದರೊಳಗೆ ತುಂಬಲು ನೋಡುತ್ತದೆ. ಹಿಡಿಸದಿದ್ದರೆ ಸುಮ್ನೆ ಕತ್ತರಿಸಿ ಕೊಡುವುದಿಲ್ಲ, ಇ-ಓವರ್‌ಫ್ಲೋ ಅಂತ ಎರರ್ ಕೊಡುತ್ತದೆ. ತಪ್ಪು ಉತ್ತರಕ್ಕಿಂತ ಎರರ್ ವಾಸಿ, ಒಪ್ಪುತ್ತೇನೆ. ತಮಾಷೆ ಏನೆಂದರೆ ಈ ಪ್ರೋಗ್ರಾಮ್‌ಗೆ ಐನೋಡ್ ಸಂಖ್ಯೆ ಬೇಕೇ ಇರಲಿಲ್ಲ. ಫೈಲ್ ಎಷ್ಟು ದೊಡ್ಡದು ಅಂತ ಕೇಳಿತ್ತು, ಅಷ್ಟೇ.

ದಾರಿ ಎರಡಿದ್ದವು. ಸಂಖ್ಯೆಯನ್ನು 32 ಬಿಟ್ ಒಳಗೇ ಇಡುವ ಐನೋಡ್32 ಆಯ್ಕೆ ಕೊಟ್ಟು ಡಿಸ್ಕ್ ಮೌಂಟ್ ಮಾಡುವುದು ಒಂದು. ಅದು ಮುಂದೆ ಹುಟ್ಟುವ ಫೈಲ್‌ಗಳಿಗೆ ಮಾತ್ರ ಲೆಕ್ಕ; ಆಗಲೇ ದೊಡ್ಡ ಸಂಖ್ಯೆ ಪಡೆದ ಫೈಲ್‌ಗಳನ್ನು ಕಾಪಿ ಮಾಡಿ ಹೊಸದಾಗಿ ಬರೆಯಬೇಕು. ಇನ್ನೊಂದು, ಬೇರೆ ಲೈಬ್ರರಿಗಳಿಗಿಂತ ಮೊದಲು ನಮ್ಮದನ್ನು ಲೋಡ್ ಮಾಡಿಸುವ ಎಲ್‌ಡಿ ಪ್ರೀಲೋಡ್ ಮೂಲಕ ಒಂದು ಚಿಕ್ಕ ಲೈಬ್ರರಿ ನಡುವೆ ತೂರಿಸುವುದು. ನಾವು ಎರಡನೆಯದನ್ನು ಹಿಡಿದೆವು. ನಮ್ಮ ಲೈಬ್ರರಿ 64 ಬಿಟ್ ಕಾಲ್ ಮಾಡಿ, ಐನೋಡ್ ಸಂಖ್ಯೆಯ ಮೇಲಿನ ಅರ್ಧ, ಕೆಳಗಿನ ಅರ್ಧ ಎರಡನ್ನೂ ಎಕ್ಸಾರ್ ಮಾಡಿ, ಅಂದರೆ ಬಿಟ್‌ಗೆ ಬಿಟ್ ಬೆರೆಸಿ, 32 ಬಿಟ್‌ಗೆ ಮಡಚಿ ಕೊಡುತ್ತದೆ. ಡೈರೆಕ್ಟರಿ ಓದುವ ರೀಡ್‌ಡಿರ್‌ಗೂ ಇದೇ ಉಪಾಯ ಬೇಕಾಯಿತು, ಅಲ್ಲೂ ಅದೇ ಎರರ್. ಅಪಾಯ ಇಲ್ಲದಿಲ್ಲ: ಎರಡು ಬೇರೆ ಫೈಲ್‌ಗಳಿಗೆ ಒಂದೇ ಸಂಖ್ಯೆ ಬಂದುಬಿಡಬಹುದು. ಹಾರ್ಡ್‌ಲಿಂಕ್, ಅಂದರೆ ಒಂದೇ ಫೈಲ್‌ಗಿರುವ ಇನ್ನೊಂದು ಹೆಸರು, ಪತ್ತೆ ಮಾಡುವ ಬ್ಯಾಕಪ್ ಥರದ ಪ್ರೋಗ್ರಾಮ್‌ಗಳಿಗೆ ಇದನ್ನು ಹಾಕಲೇಬಾರದು. ಸ್ಟ್ಯಾಟಿಕ್ ಆಗಿ ಲಿಂಕ್ ಆದ, ಅಂದರೆ ಲೈಬ್ರರಿ ಒಳಗೇ ಸೇರಿಹೋದ, ಬೈನರಿಗೆ ಪ್ರೀಲೋಡ್ ನಾಟುವುದಿಲ್ಲ, ಅಲ್ಲಿ ಮೌಂಟ್ ಆಯ್ಕೆಯೇ ಗತಿ.

ಇದರ ಮುಂದೆ ವರ್ಷನ್ ಸಂಖ್ಯೆಯ ತಕರಾರು ಚಿಕ್ಕದು. 2011ರಲ್ಲಿ 2.6.39 ಆದಮೇಲೆ ಕರ್ನಲ್ 3.0 ಬಂತು. 2.6 ಅಂತ ಶುರುವಾಗದಿದ್ದರೆ ಓಡುವುದೇ ಇಲ್ಲ ಎಂದು ಹಟ ಹಿಡಿಯುವ ಪ್ರೋಗ್ರಾಮ್‌ಗಳಿದ್ದವು. ಅದಕ್ಕೆಂದೇ ಕರ್ನಲ್‌ನಲ್ಲಿ ಒಂದು ಸುಳ್ಳು ಹೇಳುವ ಸೌಲಭ್ಯ ಇದೆ. ಸೆಟ್‌ಆರ್ಚ್ ಕಮಾಂಡ್‌ನಲ್ಲಿ ಯುನೇಮ್-2.6 ಆಯ್ಕೆ ಕೊಟ್ಟು ಓಡಿಸಿದರೆ ಆ ಪ್ರೋಗ್ರಾಮ್‌ಗೆ ಮಾತ್ರ ಹಳೇ ಥರದ ಸಂಖ್ಯೆ ಕಾಣಿಸುತ್ತದೆ. ಆಯ್ತು, ಅಷ್ಟೇ.

ನಮ್ಮದೇ ಲೈಬ್ರರಿಗಳ ಕಥೆ ಬೇರೆ. ಅಲ್ಲಿ ಇಂಟರ್‌ಫೇಸ್ ಕಾಯುವವರು ನಾವೇ. ಇದರಲ್ಲಿ ಜಿ-ಲಿಬ್‌ಸಿ ಮಾಡುವುದನ್ನೇ ನಾವೂ ಮಾಡುತ್ತೇವೆ. ಮೆಮೊರಿ ಕಾಪಿ ಮಾಡುವ ಮೆಮ್‌ಕಾಪಿ ಕಾಲ್‌ಗೆ ಒಂದರ ಮೇಲೊಂದು ಬರುವ ಜಾಗಗಳನ್ನು ಕೊಡಬಾರದು ಅಂತ ನಿಯಮ ಮೊದಲಿನಿಂದಲೂ ಇದೆ. ಕೊಟ್ಟರೂ ಬಹಳ ವರ್ಷ ಏನೂ ಆಗುತ್ತಿರಲಿಲ್ಲ. 2010ರ ಹೊತ್ತಿಗೆ ಜಿ-ಲಿಬ್‌ಸಿ ವೇಗಕ್ಕಾಗಿ ಕಾಪಿ ಮಾಡುವ ದಿಕ್ಕು ಬದಲಿಸಿದಾಗ ಫ್ಲ್ಯಾಶ್ ಪ್ಲಗಿನ್‌ನ ಆಡಿಯೋ ಕೆಟ್ಟಿತು. ನಿಯಮ ಮುರಿದದ್ದು ಪ್ಲಗಿನ್. ಬಳಸುವವರಿಗೆ ಅದೆಲ್ಲ ಬೇಕಿಲ್ಲ, ನಿನ್ನೆ ಸರಿ ಇತ್ತು, ಇವತ್ತಿಲ್ಲ, ಅಲ್ವಾ? ಕೊನೆಗೆ ಜಿ-ಲಿಬ್‌ಸಿ 2.14ರಲ್ಲಿ ಮೆಮ್‌ಕಾಪಿಗೆ ಎರಡು ವರ್ಷನ್ ಇಟ್ಟರು. ಹಳೇ ಬೈನರಿಗೆ ಸುರಕ್ಷಿತವಾದದ್ದು ಸಿಗುತ್ತದೆ, ಹೊಸದಾಗಿ ಲಿಂಕ್ ಮಾಡಿದವರಿಗೆ ವೇಗದ್ದು. ನಮ್ಮಲ್ಲೂ ಒಂದು ಫಂಕ್ಷನ್ನಿನ ನಡವಳಿಕೆ ಬದಲಾಗಬೇಕಿದ್ದರೆ ಹೊಸ ಸಿಂಬಲ್ ವರ್ಷನ್, ಅಂದರೆ ಅದೇ ಹೆಸರಿನ ಇನ್ನೊಂದು ಆವೃತ್ತಿ, ಸೇರುತ್ತದೆ, ಹಳೆಯದು ಪಕ್ಕದಲ್ಲೇ ಇರುತ್ತದೆ. ರಿಲೀಸ್‌ಗೆ ಮುಂಚೆ ಎಬಿಐಡಿಫ್ ಎಂಬ ಟೂಲ್ ಓಡಿಸಿ ಹಳೇ, ಹೊಸ ಲೈಬ್ರರಿ ಹೋಲಿಸುತ್ತೇವೆ. ಸ್ಟ್ರಕ್ಟ್ ನಡುವೆ ಒಂದು ಫೀಲ್ಡ್ ತೂರಿದ್ದರೂ ಅದು ಹಿಡಿದುಹಾಕುತ್ತದೆ.

ಹೊಸ ಕಾಲ್ ಸೇರಿಸುವಾಗ ನಾನು ಎರಡು ವಿಷಯಕ್ಕೆ ಜಾಸ್ತಿ ಜಗಳ ಆಡುತ್ತೇನೆ. ಮೊದಲನೆಯದು ಫ್ಲ್ಯಾಗ್, ಅಂದರೆ ಕಾಲ್‌ಗೆ ಆಯ್ಕೆ ತಿಳಿಸುವ ಬಿಟ್. ಗೊತ್ತಿಲ್ಲದ ಬಿಟ್ ಬಂದರೆ ಮೊದಲ ದಿನದಿಂದಲೇ ಎರರ್ ಕೊಡಬೇಕು. ಫೈಲ್ ತೆರೆಯುವ ಓಪನ್ ಕಾಲ್ ಹಾಗೆ ಮಾಡಲಿಲ್ಲ, ಗೊತ್ತಿಲ್ಲದ್ದನ್ನು ನೋಡಿಯೂ ನೋಡದ ಹಾಗೆ ಬಿಟ್ಟಿತು. ಹಾಗಾಗಿ ತಾತ್ಕಾಲಿಕ ಫೈಲ್‌ಗೆಂದು ಓ-ಟಿಎಂಪಿಫೈಲ್ ಫ್ಲ್ಯಾಗ್ ಸೇರಿಸುವಾಗ ಅದರೊಳಗೆ ಓ-ಡೈರೆಕ್ಟರಿ ಬಿಟ್ಟನ್ನೂ ಜೋಡಿಸಬೇಕಾಯಿತು, ಹಳೇ ಕರ್ನಲ್‌ನಲ್ಲಿ ಸದ್ದಿಲ್ಲದೆ ಬೇರೇನೋ ಆಗದಿರಲಿ ಅಂತ. ಕರ್ನಲ್ 5.6ರಲ್ಲಿ ಬಂದ ಓಪನ್‌ಎಟ್2 ಈಗ ತಿಳಿಯದ ಫ್ಲ್ಯಾಗ್ ಕಂಡರೆ ನೇರವಾಗಿ ತಿರಸ್ಕರಿಸುತ್ತದೆ, ಸ್ಟ್ರಕ್ಟ್ ಜೊತೆ ಅದರ ಅಳತೆಯನ್ನೂ ಕೇಳುತ್ತದೆ.

ಎರಡನೆಯದು ಎರರ್ ಸಂಖ್ಯೆ. ಜಿ-ಲಿಬ್‌ಸಿ 2.34 ಥ್ರೆಡ್, ಅಂದರೆ ಪ್ರೋಗ್ರಾಮ್ ಒಳಗೇ ಜೊತೆಜೊತೆಗೆ ಓಡುವ ಎಳೆ, ಹುಟ್ಟಿಸಲು ಮೊದಲು ಕ್ಲೋನ್3 ಕಾಲ್ ಪ್ರಯತ್ನಿಸುತ್ತದೆ. ಇ-ನೋಸಿಸ್ ಬಂದರೆ, ಅಂದರೆ ಇಂಥ ಕಾಲ್ ಇಲ್ಲ ಅಂದರೆ, ಹಳೇ ಕ್ಲೋನ್‌ಗೆ ಇಳಿಯುತ್ತದೆ. ಕಂಟೈನರ್‌ಗಳಲ್ಲಿ ಸಿಸ್ಟಮ್ ಕಾಲ್ ತಡೆಯುವ ಕೆಲವು ಫಿಲ್ಟರ್‌ಗಳು ಅದರ ಬದಲು ಇ-ಪರ್ಮ್, ಅಂದರೆ ಅನುಮತಿ ಇಲ್ಲ, ಅಂದವು. ಲೈಬ್ರರಿ ಅಲ್ಲಿಗೇ ಕೈಚೆಲ್ಲಿತು, ಥ್ರೆಡ್ ಹುಟ್ಟಲೇ ಇಲ್ಲ. ಕಾಲ್ ವಿಫಲವಾಗುವುದು ಗೊತ್ತಿದ್ದದ್ದೇ, ಅದು ಕೊಟ್ಟ ಕಾರಣ ತಪ್ಪಾಗಿತ್ತು. ಅದಕ್ಕೇ ನಮ್ಮ ಟೆಸ್ಟ್‌ಗಳು ಸೋತಾಗ ಬರುವ ಸಂಖ್ಯೆಯನ್ನೂ ಹೋಲಿಸುತ್ತವೆ.

ಟೆಸ್ಟ್ ಅಂದಾಗ ಒಂದು ಮಾತು. ಹಳೇ ಪ್ರೋಗ್ರಾಮ್‌ನ ಸೋರ್ಸ್ ಇದ್ದರೂ ಅದನ್ನು ಹೊಸದಾಗಿ ಕಂಪೈಲ್ ಮಾಡಿ ಟೆಸ್ಟ್ ಮಾಡಬೇಡಿ. ಹೊಸ ಹೆಡರ್ ಸೇರಿಕೊಂಡರೆ ಹೊಸ ಸ್ಟ್ರಕ್ಟ್, ಹೊಸ ಸಿಂಬಲ್ ಬರುತ್ತವೆ. ಟೆಸ್ಟ್ ಪಾಸಾಗುತ್ತದೆ, ಗ್ರಾಹಕರ ಬೈನರಿ ಬೀಳುತ್ತದೆ. ನಾವು ಅಂದು ಕಟ್ಟಿದ ಬೈನರಿಗಳನ್ನೇ ಒಂದು ಬೈಟ್ ಮುಟ್ಟದೆ ಇಟ್ಟುಕೊಂಡಿದ್ದೇವೆ. ಪ್ರತಿ ರಿಲೀಸ್ ಅವುಗಳ ಮುಂದೆ ಹಾಯಬೇಕು.

ಉಳಿಸಿಕೊಳ್ಳಲು ಆಗದ್ದೂ ಇದೆ. ಸಮಯವನ್ನು ಸೆಕೆಂಡುಗಳಲ್ಲಿ ಎಣಿಸುವ 32 ಬಿಟ್ ಟೈಮ್-ಟಿ 2038ರ ಜನವರಿ 19ಕ್ಕೆ ತುಂಬಿಹೋಗುತ್ತದೆ. ಓಪನ್‌ಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಮ್ 2014ರಲ್ಲಿ 5.5ನೇ ಆವೃತ್ತಿಯಲ್ಲೇ ಹಳೇ ಹೊಂದಾಣಿಕೆ ಮುರಿದು 64 ಬಿಟ್‌ಗೆ ಹೋಯಿತು. ಲಿನಕ್ಸ್ ಹಳೇ ಕಾಲ್‌ಗಳನ್ನು ಹಾಗೇ ಉಳಿಸಿ ಪಕ್ಕದಲ್ಲಿ ಹೊಸವನ್ನು ಇಟ್ಟಿತು. ಹೊಸದಾಗಿ ಕಂಪೈಲ್ ಮಾಡಬಲ್ಲವರಿಗೆ ಅದು ಸಾಕು. ಬೈನರಿ ಮಾತ್ರ ಉಳಿದವರಿಗೆ ನಾವು ಈಗಿನಿಂದಲೇ ಪತ್ರ ಬರೆಯುತ್ತಿದ್ದೇವೆ. ಮುಂದಿನ ದಿನಾಂಕಗಳನ್ನು ಲೆಕ್ಕ ಹಾಕುವ ಪ್ರೋಗ್ರಾಮ್‌ಗಳು ಮೊದಲು, ಲಾಗ್ ಬರೆಯುವವು ಆಮೇಲೆ.