ಸಿಗದ ಚಿತ್ರಗಳನ್ನು ಮೂಲ ಶೀರ್ಷಿಕೆಯಿಂದ ಹುಡುಕಿ
ಎಲ್ಲೂ ಸಿಗದ ವಿದೇಶಿ ಚಿತ್ರದ ಪ್ರತಿಯನ್ನು ಹುಡುಕುವಾಗ ಇಂಗ್ಲಿಷ್ ಹೆಸರನ್ನು ಬದಿಗಿಟ್ಟು, ಮೂಲ ಶೀರ್ಷಿಕೆಯನ್ನು ಅದರದೇ ಲಿಪಿಯಲ್ಲಿ ನಿರ್ದೇಶಕರ ಹೆಸರಿನೊಂದಿಗೆ ಹುಡುಕಿ. ಬಳಿಕ ಬೇರೆ ದೇಶಗಳಲ್ಲಿ ಅದು ಬಿಡುಗಡೆಯಾದ ಹೆಸರುಗಳನ್ನೂ ಒಂದೊಂದಾಗಿ ಪ್ರಯತ್ನಿಸಿ. ಇಂತಹ ಪರ್ಯಾಯ ಹೆಸರುಗಳ ಪಟ್ಟಿ ಚಲನಚಿತ್ರಗಳ ಮಾಹಿತಿ ನೀಡುವ ಜಾಲತಾಣವಾದ ಐಎಂಡಿಬಿಯಲ್ಲಿ ಆಯಾ ಚಿತ್ರದ ಬಿಡುಗಡೆಯ ವಿವರಗಳ ಜೊತೆಗೇ ಇರುತ್ತದೆ. ವಿತರಕರು ತಮ್ಮ ದೇಶದ ಪ್ರೇಕ್ಷಕರಿಗೆ ಒಪ್ಪುವ ಹೆಸರನ್ನು ಡಿವಿಡಿಯ ಮೇಲೆ ಮುದ್ರಿಸುವುದರಿಂದಲೂ, ಮಾರಾಟಗಾರರು ಹೆಚ್ಚಾಗಿ ಅದನ್ನೇ ತಮ್ಮ ಪಟ್ಟಿಗೆ ಇಳಿಸಿಕೊಳ್ಳುವುದರಿಂದಲೂ, ಇಂಗ್ಲಿಷ್ ಹೆಸರಿಗೆ ಕಾಣಿಸದ ಪ್ರತಿಗಳು ಈ ಹೆಸರುಗಳಿಗೆ ಕಾಣಿಸಿಕೊಳ್ಳುತ್ತವೆ. ಅಂಗಡಿಗಳಲ್ಲಿ ಮಾತ್ರವಲ್ಲ, ಜಗತ್ತಿನ ಸಾವಿರಾರು ಗ್ರಂಥಾಲಯಗಳ ಸಂಗ್ರಹವನ್ನು ಒಂದೆಡೆ ತೋರಿಸುವ ವರ್ಲ್ಡ್‌ಕ್ಯಾಟ್‌ನಲ್ಲಿಯೂ ಹೀಗೆಯೇ ಹುಡುಕಬೇಕು. ಮಾರುಕಟ್ಟೆಯಿಂದ ಮರೆಯಾದ ವಿಎಚ್‌ಎಸ್ ವಿಡಿಯೊ ಟೇಪುಗಳು ಇಂದಿಗೂ ಗ್ರಂಥಾಲಯಗಳಲ್ಲಿ ಉಳಿದಿರುವುದುಂಟು, ಅವುಗಳನ್ನು ಕೆಲವೊಮ್ಮೆ ನಿಮ್ಮ ಗ್ರಂಥಾಲಯದ ಮೂಲಕವೇ ಎರವಲು ತರಿಸಿಕೊಳ್ಳಬಹುದು. ಆದರೆ ಕೊಳ್ಳುವ ಮುನ್ನ ಇಂಗ್ಲಿಷ್ ಉಪಶೀರ್ಷಿಕೆ ಇದೆಯೇ, ಡಿಸ್ಕಿನ ರೀಜನ್ ಕೋಡ್ (ಅದು ಯಾವ ಪ್ರದೇಶದ ಪ್ಲೇಯರುಗಳಲ್ಲಿ ಓಡುತ್ತದೆ ಎಂಬ ಗುರುತು) ನಿಮ್ಮ ಪ್ಲೇಯರಿಗೆ ಹೊಂದುತ್ತದೆಯೇ ಎಂಬುದನ್ನು ತಪ್ಪದೆ ನೋಡಿಕೊಳ್ಳಿ, ಏಕೆಂದರೆ ಮೂಲ ದೇಶದ ಆವೃತ್ತಿಗಳಲ್ಲಿ ಉಪಶೀರ್ಷಿಕೆ ಇಲ್ಲದಿರುವುದೇ ಹೆಚ್ಚು. ಅವಧಿ ಸ್ವಲ್ಪ ಕಡಿಮೆ ಇದೆಯೆಂದ ಮಾತ್ರಕ್ಕೆ ಕತ್ತರಿ ಬಿದ್ದ ಪ್ರತಿಯೆಂದು ಬಿಟ್ಟುಬಿಡಬೇಡಿ: ಸೆಕೆಂಡಿಗೆ 24 ಚೌಕಟ್ಟುಗಳ ಚಿತ್ರವನ್ನು ಪಾಲ್ (ಯುರೋಪ್, ಭಾರತ ಮೊದಲಾದೆಡೆಯ ಟಿವಿ ಮಾದರಿ) ಡಿವಿಡಿಯಲ್ಲಿ 25ರ ವೇಗದಲ್ಲಿ ಓಡಿಸುವುದರಿಂದ 100 ನಿಮಿಷದ ಚಿತ್ರ 96 ನಿಮಿಷಕ್ಕೇ ಮುಗಿಯುತ್ತದೆ. ಟೇಪಿನಲ್ಲಾಗಲಿ ಡಿಸ್ಕಿನಲ್ಲಾಗಲಿ ಎಂದೂ ಬಿಡುಗಡೆಯಾಗದ ಚಿತ್ರಗಳಿಗೆ ಈ ಉಪಾಯ ಫಲಿಸುವುದಿಲ್ಲ. ಅಂತಹವುಗಳಿಗಾಗಿ ಆ ದೇಶದ ಚಲನಚಿತ್ರ ಸಂಗ್ರಹಾಲಯಕ್ಕೇ ಪತ್ರ ಬರೆದು, ಅಲ್ಲಿಯೇ ಕುಳಿತು ನೋಡಲು ಅವಕಾಶವಿದೆಯೇ ಎಂದು ವಿಚಾರಿಸಬೇಕು.